ಡಿಗ್ರಿ ಇಲ್ಲದೆ ದುಬೈಗೆ ಹೊರಟಿರುವ ಹೋಟೆಲ್ ಹುಡುಗರಿಗೆ

ಮುಂಬೈ ಕಡೆಯ ಮಾಟುಂಗ, ಚೆಂಬೂರು, ಡೊಂಬಿವಲಿಯ ನಮ್ಮ ಹೋಟೆಲುಗಳಲ್ಲಿ ದೋಸೆ ಕಲ್ಲಿನ ಮುಂದೆ ನಿಂತ ಹುಡುಗರು ನನ್ನನ್ನು ಕೇಳುವುದು ಇಷ್ಟೇ: "ಅಣ್ಣಾ, ನಾನು ಓದಿದ್ದು ಒಂಬತ್ತನೇ ಕ್ಲಾಸು. ದುಬೈಯಲ್ಲಿ ಕೆಲಸ ಸಿಗುತ್ತಾ?" ಸಿಗುತ್ತದೆ. ನಾನೂ ಅಲ್ಲಿ ದೋಸೆ ಹೊಯ್ದೇ ಊರಲ್ಲಿ ಮನೆ ಕಟ್ಟಿಸಿದವನು. ಹೋಟೆಲ್ ಅಡುಗೆಮನೆಯಲ್ಲಿ ಕೈ ನೋಡುತ್ತಾರೆ, ಡಿಗ್ರಿ ಅಲ್ಲ. ಆದರೆ ಓದು ಕಡಿಮೆ ಇದ್ದವನಿಗೆ ಕಾಗದದಲ್ಲಿ ಮೋಸ ಮಾಡುವುದು ಸುಲಭ, ಅಲ್ವಾ? ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಮೊದಲು ಪಾಸ್‌ಪೋರ್ಟ್. ಹತ್ತನೇ ಕ್ಲಾಸ್ ಪಾಸಾಗದಿದ್ದರೆ ಸಾಮಾನ್ಯವಾಗಿ ಅದು ಇಸಿಆರ್ ಪಾಸ್‌ಪೋರ್ಟ್ ಆಗಿರುತ್ತದೆ, ಅಂದರೆ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್', ದುಡಿಯಲು ಹೊರಡುವ ಮುಂಚೆ ಸರ್ಕಾರದ ತಪಾಸಣೆ ಬೇಕಾದದ್ದು. ಅದು ಇದ್ದವರಿಗೆ ಯುಎಇ (ದುಬೈ ಇರುವ ದೇಶ), ಸೌದಿ, ಕುವೈತ್, ಕತಾರ್, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಹೊರಡಲು ಒಪ್ಪಿಗೆ, ಬೇಕು. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ನಿಮ್ಮ ಕೆಲಸದ ಕರಾರನ್ನು ಇನ್ನೊಬ್ಬರು ನೋಡಿದ ಹಾಗಾಗುತ್ತದೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಅವಸರ ಇಲ್ಲದವರು ಓಪನ್ ಸ್ಕೂಲಿನಲ್ಲಿ ಹತ್ತನೇದು ಪಾಸು ಮಾಡಿ, ಇಸಿಆರ್ ಇಲ್ಲದ ಪಾಸ್‌ಪೋರ್ಟಿಗೆ ಬದಲಾಯಿಸಿಕೊಳ್ಳಿ.

ಇನ್ನು ಏಜೆಂಟ್. ಸರ್ಕಾರದ ಇಮೈಗ್ರೇಟ್ (eMigrate) ವೆಬ್‌ಸೈಟಿನಲ್ಲಿ ಅವನ ಲೈಸೆನ್ಸ್ ಇದೆಯಾ, ಚಾಲ್ತಿಯಲ್ಲಿದೆಯಾ ನೋಡಿ. ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ ಕೇಳುವವನ ಹತ್ತಿರ ಚಹಾ ಕೂಡ ಕುಡಿಯಬೇಡಿ, ಎದ್ದು ಬನ್ನಿ. ಯುಎಇ ಕಾನೂನಿನಲ್ಲಂತೂ ನೇಮಕದ ಖರ್ಚು ಮಾಲೀಕನದ್ದೇ.

"ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಅಂದರೆ ಬೇಡವೇ ಬೇಡ. ಇಸಿಆರ್ ಹುಡುಗರನ್ನು ಕ್ಲಿಯರೆನ್ಸ್ ತಪ್ಪಿಸಿ ಕಳಿಸುವ ದಾರಿ ಅದು. ಪಕ್ಕದ ರೂಮಿನ ಹುಡುಗನೊಬ್ಬ ಹಾಗೇ ಹೋದ. ಅಲ್ಲಿ ಮಾಲೀಕ ಸಂಬಳ ಕೊಡದಿದ್ದಾಗ ದೂರು ಕೊಡಲೂ ಅವನ ಕೈಯಲ್ಲಿ ಕಾಗದ ಇರಲಿಲ್ಲ. ವಿಸಿಟ್ ವೀಸಾದಲ್ಲಿ ದುಡಿಯುವುದೇ ಅಲ್ಲಿ ತಪ್ಪು.

ಆಫರ್ ಲೆಟರ್ ಬಂದಾಗ ಪೂರ್ತಿ ಒಂದು ಸಂಜೆ ಅದಕ್ಕೆ ಕೊಡಿ. ಯುಎಇಯ ಸರ್ಕಾರಿ ಆಫರ್ ಹಿಂದಿಯಲ್ಲೂ ಸಿಗುತ್ತದೆ. ಮುಂಬೈಯಲ್ಲಿ ಬೆಳೆದವರಿಗೆ ಅದು ಸಾಕು, ಕೇಳಿ ಪಡೆಯಿರಿ. ಎಲ್ಲರೂ ನೋಡುವುದು ಒಟ್ಟು ಸಂಬಳ. ನೀವು 'ಬೇಸಿಕ್', ಅಂದರೆ ಮೂಲ ಸಂಬಳ, ಅನ್ನುವ ಸಾಲು ಹುಡುಕಿ. ಒಟ್ಟು 1,800 ದಿರ್ಹಮ್ ಅಂದಿರುತ್ತಾರೆ, ಒಳಗೆ ಬೇಸಿಕ್ 1,000, ಉಳಿದದ್ದು ಭತ್ಯೆ. ಒಂದು ವರ್ಷ ಮುಗಿಸಿ ಕೆಲಸ ಬಿಟ್ಟರೆ ಮಾಲೀಕ ಕೊಡಬೇಕಾದ ಇಡುಗಂಟು, ಅಂದರೆ ಗ್ರಾಚ್ಯುಟಿ, ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಬೇಸಿಕ್. ಅಂದರೆ ವರ್ಷಕ್ಕೆ 700 ದಿರ್ಹಮ್. ಬೇಸಿಕ್ಕೇ 1,800 ಆಗಿದ್ದರೆ 1,260. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ, ಕನಿಷ್ಠ ಶೇ. 25 ಜಾಸ್ತಿ. ಊಟ, ರೂಮು, ಹೋಗಿಬರುವ ಟಿಕೆಟ್ ಯಾರ ಖರ್ಚು ಅನ್ನುವುದೂ ಬರಹದಲ್ಲಿ ಇರಲಿ. "ಬಾಯಿಮಾತು ಸಾಕು, ನಮ್ಮೂರವರೇ ಅಲ್ವಾ" ಅಂದವರ ಹತ್ತಿರವೂ ಬರೆಸಿಕೊಳ್ಳಿ.

ಇಲ್ಲಿನ ಕೆಲಸ ಬಿಡುವ ಮುಂಚೆಯೇ ಒಂದು ಎದೆ ಎಕ್ಸ್‌-ರೇ ತೆಗೆಸಿ. ವೀಸಾಕ್ಕೆ ಮಾಡುವ ಮೆಡಿಕಲ್ ಪರೀಕ್ಷೆಯಲ್ಲಿ ಹಳೇ ಟಿಬಿ ಕಲೆ ಕಂಡರೂ ವೀಸಾ ನಿಲ್ಲಬಹುದು.

ಗಲ್ಫ್ ಬೇಡ ಅನ್ನುವವರಿಗೆ ಜಪಾನ್ ಇದೆ. 2019ರಲ್ಲಿ ಶುರುವಾದ ಅವರ ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಡಿಗ್ರಿ ಬೇಡ, ಹೋಟೆಲ್ ಕೆಲಸವೂ ಅದರ ಪಟ್ಟಿಯಲ್ಲಿದೆ. ಆದರೆ ಎನ್‌4 ಮಟ್ಟದ, ಅಂದರೆ ದಿನನಿತ್ಯದ ಮಾತಿಗೆ ಬೇಕಾದಷ್ಟು, ಜಪಾನಿ ಭಾಷೆ ಕಲಿತು, ಕೆಲಸದ ಪರೀಕ್ಷೆಯನ್ನೂ ಪಾಸು ಮಾಡಬೇಕು. ಓದುವ ಹಟ ಇರುವವರು ಹೋಗಿ.

ದುಬೈಯಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ವೀಸಾ ಕೆಲಸಕ್ಕೆ ಕೊಟ್ಟಿದ್ದರೆ ಮುಗಿದ ಕೂಡಲೇ ವಾಪಸು ಕೇಳಿ. ಮಾಲೀಕ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ಏನಾದರೂ ಅನುಮಾನ ಬಂದರೆ ಹೊರಡುವ ಮುಂಚೆ ಸರ್ಕಾರದ ಉಚಿತ ಸಹಾಯವಾಣಿ 1800 11 3090ಕ್ಕೆ ಫೋನ್ ಮಾಡಿ ಕೇಳಿ.