ಸ್ಮಾರ್ಟ್ ಬಲ್ಬು, ಪ್ಲಗ್ಗು ವೈಫೈಗೆ ಸೇರುತ್ತಿಲ್ಲವೇ? ವಾಪಸ್ ಕಳಿಸುವ ಮೊದಲು ರೌಟರ್ ನೋಡಿ

ಹೊಸ ಬಲ್ಬನ್ನು ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತಿದರೆ ಪಟಪಟ ಮಿನುಗುತ್ತದೆ. ಆ್ಯಪ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಕೊಟ್ಟರೆ ಚಕ್ರ ತಿರುಗುತ್ತಲೇ ಇರುತ್ತದೆ. ಒಂದೆರಡು ನಿಮಿಷ ಕಾಯಿಸಿ, ಕೊನೆಗೆ ಸಂಪರ್ಕ ಆಗಲಿಲ್ಲ ಎನ್ನುತ್ತದೆ. ನಾಲ್ಕೈದು ಸಲ ಹೀಗಾದರೆ ಮಾಲೇ ಕೆಟ್ಟದ್ದು ಅನ್ನಿಸುವುದು ಸಹಜ. ಆದರೆ ಮಿನುಗುತ್ತಿದೆ ಎಂದರೆ ಬಲ್ಬು ತನ್ನ ಕಡೆಯಿಂದ ತಯಾರಾಗಿ ಕಾಯುತ್ತಿದೆ ಎಂದರ್ಥ. ತೊಡಕು ಹೆಚ್ಚಾಗಿ ಇರುವುದು ರೌಟರಿನ ಮೂರ್ನಾಲ್ಕು ಸೆಟ್ಟಿಂಗುಗಳಲ್ಲಿ.

ಮೊದಲು ತಪ್ಪು ಯಾರದ್ದು ಎಂದು ತಿಳಿದುಕೊಳ್ಳಿ. ಇದಕ್ಕೆ ಎರಡು ಫೋನ್ ಬೇಕು. ಒಂದರಲ್ಲಿ ಹಾಟ್‌ಸ್ಪಾಟ್ ಹಾಕಿ. ಆಂಡ್ರಾಯ್ಡ್ ಆದರೆ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ (ವೈಫೈ ಸಾಗುವ ರೇಡಿಯೋ ತರಂಗದ ಪಟ್ಟಿ) 2.4 ಗಿಗಾಹರ್ಟ್ಸ್ ಇರಲಿ; ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಇನ್ನೊಂದು ಫೋನನ್ನು ಆ ಹಾಟ್‌ಸ್ಪಾಟಿಗೆ ಸೇರಿಸಿ, ಅದರಿಂದಲೇ ಬಲ್ಬು ಜೋಡಿಸಿ. ಸಲೀಸಾಗಿ ಸೇರಿದರೆ ಬಲ್ಬು ಚೆನ್ನಾಗಿದೆ, ನೋಡಬೇಕಾದ್ದು ರೌಟರ್. ಇಲ್ಲೂ ಸೇರದಿದ್ದರೆ ಫೋನಿನ ಅನುಮತಿಗಳನ್ನು (ಮುಂದೆ ಹೇಳಿದೆ) ನೋಡಿ. ಆಮೇಲೂ ಆಗದಿದ್ದರೆ ಮಾತ್ರ ಬಲ್ಬನ್ನು ದೂರಿ.

ರೌಟರಿನಲ್ಲಿ ಏನು ಬದಲಿಸಬೇಕು

ಮಾರುಕಟ್ಟೆಯ ಬಹುಪಾಲು ಸ್ಮಾರ್ಟ್ ಬಲ್ಬು, ಪ್ಲಗ್ಗು, ಅಗ್ಗದ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ಆ ಚಿಪ್ ಅಗ್ಗ, ಅದರ ಸಿಗ್ನಲ್ ಗೋಡೆ ದಾಟಿ ಹೆಚ್ಚು ದೂರ ಹೋಗುತ್ತದೆ, ಲೈಟ್ ಹಾಕಿ ಆರಿಸುವಷ್ಟು ಕೆಲಸಕ್ಕೆ ಆ ವೇಗ ಸಾಕು. ಈಗಿನ ಫೈಬರ್ ರೌಟರುಗಳು ಮಾತ್ರ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟುಕೊಂಡು ಬರುತ್ತವೆ. ಫೋನು ತಾನಾಗಿ 5ಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿಂದ ಅದು ಕೊಡುವ ಪಾಸ್‌ವರ್ಡು 2.4ರಲ್ಲಿ ಕಿವಿಗೊಟ್ಟು ಕೂತ ಬಲ್ಬಿಗೆ ಎಷ್ಟೋ ಸಲ ಕೇಳಿಸುವುದೇ ಇಲ್ಲ.

ರೌಟರಿನ ತಳದ ಸ್ಟಿಕ್ಕರ್ ನೋಡಿ. ಲಾಗಿನ್ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಅಲ್ಲೇ ಇರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ಜಿಯೋ ಫೈಬರಿನಲ್ಲಿ 192.168.29.1. ಮನೆಯ ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಇದನ್ನು ಟೈಪ್ ಮಾಡಿದರೆ ಪುಟ ತೆರೆಯುತ್ತದೆ. ವೈರ್‌ಲೆಸ್ ವಿಭಾಗಕ್ಕೆ ಹೋಗಿ ಇಷ್ಟು ಮಾಡಿ:

– ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂಬುದನ್ನು ಆಫ್ ಮಾಡಿ, 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಕೊಡಿ. ಹಳೆಯ ಹೆಸರನ್ನು 2.4ಕ್ಕೇ ಉಳಿಸಿ. ಆಗ ಈಗಾಗಲೇ ಸೇರಿರುವ ಉಪಕರಣಗಳು ತಪ್ಪಿಹೋಗುವುದಿಲ್ಲ.
– 2.4ರ ಭದ್ರತೆ (ಸೆಕ್ಯುರಿಟಿ, ಅಂದರೆ ವೈಫೈಗೆ ಬೀಗ ಹಾಕುವ ಬಗೆ) ಡಬ್ಲ್ಯುಪಿಎ2, ಎಇಎಸ್ ಇರಲಿ. ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಹಳೆಯ ಚಿಪ್‌ಗಳು ಒಳಗೆ ಬರಲಾರವು.
– ಚಾನೆಲ್ (ಬ್ಯಾಂಡಿನೊಳಗಿನ ಒಂದೊಂದು ದಾರಿ) ‘ಆಟೊ’ ಬೇಡ. 1, 6, 11ರಲ್ಲಿ ಒಂದು ಆರಿಸಿ. ನಮ್ಮಲ್ಲಿ ರೌಟರುಗಳು 12, 13ಕ್ಕೂ ಹೋಗಬಲ್ಲವು, ಆದರೆ ಅಮೆರಿಕದ ನಿಯಮಕ್ಕೆ ತಯಾರಾದ ಉಪಕರಣಗಳಿಗೆ ಆ ಎರಡು ಚಾನೆಲ್ ಕಾಣುವುದೇ ಇಲ್ಲ.
– ಚಾನೆಲ್ ಅಗಲ 20 ಮೆಗಾಹರ್ಟ್ಸ್. ಅಪಾರ್ಟ್‌ಮೆಂಟಿನಲ್ಲಿ 40 ಇಟ್ಟರೆ ಅಕ್ಕಪಕ್ಕದವರ ವೈಫೈ ಜತೆ ಗುದ್ದಾಟವೇ ಹೆಚ್ಚು.

ಹೆಸರು ಬೇರೆ ಮಾಡಲು ಇಷ್ಟವಿಲ್ಲದಿದ್ದರೆ ಜೋಡಿಸುವಷ್ಟು ಹೊತ್ತು, ಒಂದು ಹತ್ತು ನಿಮಿಷ, 5 ಗಿಗಾಹರ್ಟ್ಸನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ನಡೆಯುತ್ತದೆ. ಇಂಟರ್‌ನೆಟ್ ಕಂಪನಿ ಸೆಟ್ಟಿಂಗಿಗೆ ಬೀಗ ಹಾಕಿದ್ದರೆ ಅವರ ಗ್ರಾಹಕ ಸೇವೆಗೆ ಫೋನ್ ಮಾಡಿ, ‘2.4 ಮತ್ತು 5ಕ್ಕೆ ಬೇರೆ ಬೇರೆ ಹೆಸರು ಮಾಡಿಕೊಡಿ’ ಎಂದು ಇದೇ ಮಾತಿನಲ್ಲಿ ಕೇಳಿ. ಬರೀ ‘ವೈಫೈ ಬರ್ತಿಲ್ಲ’ ಎಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ವೈಫೈಗೆ ಕನ್ನಡದ ಹೆಸರು ಇಟ್ಟಿದ್ದರೆ

ಮನೆಯ ವೈಫೈಗೆ ಕನ್ನಡದಲ್ಲಿ ಹೆಸರಿಡುವುದು ಚೆಂದ. ಅದಕ್ಕೊಂದು ಲೆಕ್ಕವಿದೆ, ತಿಳಿದಿರಲಿ. ವೈಫೈ ಹೆಸರಿಗೆ ಸಿಗುವುದು 32 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ವ್ಯಂಜನಕ್ಕೆ, ಪ್ರತಿ ಗುಣಿತ ಚಿಹ್ನೆಗೆ, ಒತ್ತಕ್ಷರ ಮಾಡುವ ಅರ್ಧಾಕ್ಷರ ಚಿಹ್ನೆಗೆ, ಸೊನ್ನೆಗೆ ತಲಾ 3 ಬೈಟ್. ‘ನಮ್ಮ ಮನೆ’ ಎಂದರೆ ಏಳು ಚಿಹ್ನೆ, ಒಂದು ಖಾಲಿ ಜಾಗ, ಒಟ್ಟು 22 ಬೈಟ್, ಹಿಡಿಸುತ್ತದೆ. ‘ಶ್ರೀ ಮಂಜುನಾಥ ನಿಲಯ’ ಎಂದರೆ 47 ಬೈಟ್. ರೌಟರ್ ಒಪ್ಪುವುದಿಲ್ಲ, ಅಥವಾ ನಡುವೆ ಕತ್ತರಿಸಿಬಿಡುತ್ತದೆ. ಹಿಡಿಸಿದ ಹೆಸರನ್ನೂ ಫೋನು, ಲ್ಯಾಪ್‌ಟಾಪು ಓದಿಕೊಂಡರೂ ಅಗ್ಗದ ಬಲ್ಬಿನ ತಂತ್ರಾಂಶ ಎಡವಬಹುದು. ಹಾಗಾಗಿ 5 ಗಿಗಾಹರ್ಟ್ಸಿಗೆ ಕನ್ನಡದ ಹೆಸರು ಇಟ್ಟುಕೊಳ್ಳಿ, ಬಲ್ಬು, ಪ್ಲಗ್ಗು ಸೇರುವ 2.4ಕ್ಕೆ ಖಾಲಿ ಜಾಗವಿಲ್ಲದ, ಚಿಹ್ನೆಗಳಿಲ್ಲದ ಇಂಗ್ಲಿಷ್ ಹೆಸರು ಇರಲಿ. ಪಾಸ್‌ವರ್ಡಿಗೂ ಇದೇ ಮಾತು: 12ರಿಂದ 16 ಅಕ್ಷರ, ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸಾಕು.

ಪಾಸ್‌ವರ್ಡ್ ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ, ಅಕ್ಷರಗಳು ಕಾಣುವಂತೆ ಮಾಡಿಕೊಳ್ಳಿ. ಕೀಬೋರ್ಡು ಮೊದಲಕ್ಷರವನ್ನು ತಾನೇ ದೊಡ್ಡದು ಮಾಡುವುದು, ಕೊನೆಗೊಂದು ಖಾಲಿ ಜಾಗ ಸೇರಿಸುವುದು ದಿನಾ ನಡೆಯುವ ತಪ್ಪು.

ಫೋನಿನ ಕಡೆ

ಬ್ಲೂಟೂತ್ ಮತ್ತು ಲೊಕೇಶನ್ ಎರಡೂ ಆನ್ ಇರಬೇಕು. ಆ್ಯಪ್‌ಗೆ ಲೊಕೇಶನ್ ಅನುಮತಿ ಯಾಕೆ ಎಂಬ ಅನುಮಾನ ನ್ಯಾಯವಾದದ್ದೇ. ಸುತ್ತಲಿನ ವೈಫೈ ಹೆಸರುಗಳನ್ನು ಓದಲು ಆಂಡ್ರಾಯ್ಡ್ ಆ ಅನುಮತಿ ಕೇಳುತ್ತದೆ. ಆ್ಯಪ್ ಬಳಸುವಾಗ ಮಾತ್ರ ಎಂದು ಕೊಟ್ಟು, ಕೆಲಸ ಮುಗಿದ ಮೇಲೆ ತೆಗೆಯಿರಿ. ಆಂಡ್ರಾಯ್ಡ್ 12 ಮತ್ತು ನಂತರದ್ದರಲ್ಲಿ ‘ಹತ್ತಿರದ ಸಾಧನಗಳು’ ಅನುಮತಿಯೂ ಬೇಕು. ವಿಪಿಎನ್ (ಇಂಟರ್‌ನೆಟ್ಟನ್ನು ಬೇರೆ ಸರ್ವರ್ ಮೂಲಕ ಸುತ್ತಿಸಿ ತರುವ ಆ್ಯಪ್) ಇದ್ದರೆ ನಿಲ್ಲಿಸಿ.

ಕೆಲವು ಉಪಕರಣಗಳು ಜೋಡಣೆಯ ಹೊತ್ತಿಗೆ ತಮ್ಮದೇ ಪುಟ್ಟ ವೈಫೈ ಹುಟ್ಟಿಸುತ್ತವೆ. ಫೋನು ಅದಕ್ಕೆ ಸೇರಿದ ಕೂಡಲೇ ಇಲ್ಲಿ ಇಂಟರ್‌ನೆಟ್ ಇಲ್ಲವೆಂದು ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಜೋಡಣೆ ಅಲ್ಲೇ ತುಂಡಾಗುತ್ತದೆ. ಆ ಐದು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿ. ‘ಇಂಟರ್‌ನೆಟ್ ಇಲ್ಲ, ಸೇರಿಕೊಂಡೇ ಇರಲೇ?’ ಎಂದು ಫೋನು ಕೇಳಿದರೆ ಹೌದು ಎನ್ನಿ.

ಬಲ್ಬು ಮಿನುಗುತ್ತಲೇ ಇಲ್ಲವಾದರೆ ಅದು ಜೋಡಣೆಗೆ ತಯಾರಿಲ್ಲ. ಕಂಪನಿಗೆ ತಕ್ಕಂತೆ, ಸ್ವಿಚ್ಚನ್ನು ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಮೂರರಿಂದ ಐದು ಸಲ ಹಾಕಿ ಆರಿಸಿ, ಆನ್ ಮಾಡಿ ಬಿಡಿ. ಪ್ಲಗ್ ಆದರೆ ಅದರ ಗುಂಡಿಯನ್ನು ಐದರಿಂದ ಏಳು ಸೆಕೆಂಡ್ ಒತ್ತಿ ಹಿಡಿಯಿರಿ. ಬೇರೆಯವರಿಂದ ಕೊಂಡ ಹಳೆಯ ಉಪಕರಣ ಹೀಗೆ ಮಾಡಿದರೂ ಒಪ್ಪದೇ ಇರಬಹುದು. ಹಿಂದಿನವರು ತಮ್ಮ ಖಾತೆಯಿಂದ ಅದನ್ನು ತೆಗೆದುಹಾಕಬೇಕು. ಕೊಳ್ಳುವಾಗಲೇ ಅವರ ಮುಂದೆ ಇದನ್ನು ಮಾಡಿಸಿಕೊಳ್ಳಿ.

ಸೇರಿತು, ಆದರೆ ಪದೇಪದೇ ಬಿಟ್ಟುಹೋಗುತ್ತದೆ

ರೌಟರ್ ಎಲ್ಲಿದೆ ನೋಡಿ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅದನ್ನು ಬಾಗಿಲ ಪಕ್ಕದ ಕಬ್ಬಿಣದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿರುತ್ತಾರೆ. ಸಿಗ್ನಲ್ ಅರ್ಧ ಅಲ್ಲೇ ಸಾಯುತ್ತದೆ. ಹೊರಗೆ ತೆಗೆದು ತಲೆಯ ಎತ್ತರಕ್ಕೆ, ಬೀರು, ಫ್ರಿಜ್, ದೊಡ್ಡ ಕನ್ನಡಿಯಿಂದ ದೂರ ಇಡಿ. ಮೈಕ್ರೋವೇವ್ ಒಲೆ ಕೂಡ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ಅನ್ನ ಬಿಸಿ ಮಾಡುವಾಗೆಲ್ಲ ಕ್ಯಾಮೆರಾ ತಡವರಿಸಿದರೆ ಕಾರಣ ಅದೇ.

ಇನ್ನೊಂದು ಕಾರಣ ಕರೆಂಟು. ಹೋಗಿ ಬಂದಾಗ ಬಲ್ಬು ಹತ್ತು ಸೆಕೆಂಡಿನಲ್ಲಿ ಎದ್ದರೆ ರೌಟರಿಗೆ ಒಂದೆರಡು ನಿಮಿಷ ಬೇಕು. ಕಾದು ಸುಸ್ತಾದ ಕೆಲವು ಉಪಕರಣಗಳು ಮತ್ತೆ ಪ್ರಯತ್ನಿಸುವುದೇ ಇಲ್ಲ. ರೌಟರಿಗೊಂದು ಮಿನಿ ಯುಪಿಎಸ್ ಹಾಕಿದರೆ ಈ ರಗಳೆ ತೀರುತ್ತದೆ. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲಿನ ಬರಹ ಓದಿ: ಸಾಮಾನ್ಯವಾಗಿ 12 ವೋಲ್ಟ್, 1ರಿಂದ 2 ಆಂಪಿಯರ್. ಯುಪಿಎಸ್ ಅದೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಕೊಡಬೇಕು. ಡಬ್ಬಿಯ ಮೇಲಿನ 8800 ಎಂಎಎಚ್ ಎಂಬುದು 3.7 ವೋಲ್ಟ್ ಲೆಕ್ಕದ್ದು, ಅಂದರೆ ಸುಮಾರು 32 ವ್ಯಾಟ್-ಗಂಟೆ. 8 ವ್ಯಾಟ್ ಎಳೆಯುವ ರೌಟರ್ ಅದರಲ್ಲಿ, ವೋಲ್ಟ್ ಏರಿಸುವಾಗಿನ ನಷ್ಟ ಕಳೆದು, ಸುಮಾರು 3 ಗಂಟೆ ನಡೆಯುತ್ತದೆ. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬೇಕು.

ನಡುರಾತ್ರಿ ಕರೆಂಟು ಬಂದಾಗ ಎಲ್ಲ ಬಲ್ಬುಗಳೂ ಒಮ್ಮೆಲೇ ಉರಿಯುತ್ತವೆಯೇ? ಆ್ಯಪ್‌ನಲ್ಲಿ ಬಲ್ಬಿನ ಸೆಟ್ಟಿಂಗಿಗೆ ಹೋಗಿ, ಕರೆಂಟು ಬಂದಾಗ ಹಿಂದಿನ ಸ್ಥಿತಿಗೇ ಮರಳು ಎಂಬುದನ್ನು ಆರಿಸಿ.

ಮನೆಯಲ್ಲಿ ಹಿರಿಯರಿದ್ದರೆ ಗೋಡೆಯ ಸ್ವಿಚ್ ಆರಿಸುವುದು ಅವರ ರೂಢಿ, ಆಗ ಬಲ್ಬು ಆ್ಯಪ್‌ನಿಂದ ಕಾಣೆಯಾಗುತ್ತದೆ. ಆ ರೂಢಿ ಬಿಡಿಸಲು ಹೋಗಬೇಡಿ. ಅಂಥ ಕೋಣೆಗೆ ಸ್ಮಾರ್ಟ್ ಬಲ್ಬು ಬಿಟ್ಟು, ಸ್ವಿಚ್ಚಿನ ಹಿಂದೆ ಕೂರುವ ಸ್ಮಾರ್ಟ್ ಮಾಡ್ಯೂಲ್ ಹಾಕಿಸಿ. ಸ್ವಿಚ್ಚೂ ನಡೆಯುತ್ತದೆ, ಆ್ಯಪೂ ನಡೆಯುತ್ತದೆ. ಅದಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಬೇಕು. ಅದೇ ಬೋರ್ಡಿನಲ್ಲಿ ಪ್ಲಗ್ ಸಾಕೆಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ, ಎಂಸಿಬಿ ಇಳಿಸಿ ಮಾಡಿಸಿ.

ಪ್ಲಗ್ಗಿನ ಆಂಪಿಯರ್ ಸುಮ್ಮನೆ ಬರೆದದ್ದಲ್ಲ

ವೈಫೈ ಕೆಟ್ಟರೆ ಬೇಸರವಷ್ಟೇ, ಇಲ್ಲಿ ತಪ್ಪಿದರೆ ಬೆಂಕಿ. 2 ಕಿಲೋವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಸ್ಮಾರ್ಟ್ ಪ್ಲಗ್ಗುಗಳು 10 ಮತ್ತು 16 ಆಂಪಿಯರ್ ಎಂದು ಎರಡು ಬಗೆ. ಗೀಸರಿಗೆ, ಎಸಿಗೆ 16ರದ್ದೇ ಬೇಕು. ಗೀಸರಿನ ದಪ್ಪ ಪಿನ್ನು 10ರ ಪ್ಲಗ್ಗಿಗೆ ಹೋಗುವುದಿಲ್ಲವೆಂದು ಕನ್ವರ್ಷನ್ ಪ್ಲಗ್ ಸಿಕ್ಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಡಿಲ ಪಿನ್ನು ಬಿಸಿಯಾಗಿ, ಮೊದಲು ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಸುಟ್ಟ ವಾಸನೆ, ಆಮೇಲೆ ಕರಗುತ್ತದೆ. 16ರ ಪ್ಲಗ್ ಹಾಕಿದ ಮೇಲೂ ಗೀಸರ್ ಹತ್ತು ನಿಮಿಷ ನಡೆದಾಗ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳಿಡಲಾಗದಷ್ಟು ಸುಟ್ಟರೆ ಸಾಕೆಟ್ ಬದಲಿಸಬೇಕು.

ನೀರಿನ ಮೋಟಾರಿಗೆ ಇಂಥ ಪ್ಲಗ್ ಬೇಡವೇ ಬೇಡ. ಮೋಟಾರು ಶುರುವಾಗುವ ಕ್ಷಣ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಪ್ಲಗ್ಗಿನೊಳಗಿನ ರಿಲೇ (ಕರೆಂಟ್ ಹಾಕಿ ಆರಿಸುವ ಪುಟ್ಟ ಸ್ವಿಚ್) ತುದಿಗಳು ಬೆಸೆದುಕೊಂಡರೆ ಆ್ಯಪ್‌ನಲ್ಲಿ ಆಫ್ ಎಂದರೂ ಮೋಟಾರು ಓಡುತ್ತಲೇ ಇರುತ್ತದೆ. ಮೋಟಾರಿಗೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ಸ್ವಿಚ್) ಇರುವ ಸ್ಟಾರ್ಟರೇ ಸರಿ. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಪ್ಲಗ್ಗು, ಬಲ್ಬು ಇದ್ದರೆ ಮೈಮೇಲಿನ ಬರಹ ಓದಿ: 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ಹಾಕಿದೊಡನೆ ಸುಟ್ಟುಹೋಗುತ್ತದೆ.

ಇಷ್ಟೆಲ್ಲ ಆದಮೇಲೂ ಉಪಕರಣ ಹಾಟ್‌ಸ್ಪಾಟಿಗೂ ಸೇರದಿದ್ದರೆ ಆಗ ಅದು ನಿಜಕ್ಕೂ ಕೆಟ್ಟದ್ದು. ಹಾಟ್‌ಸ್ಪಾಟ್ ಪರೀಕ್ಷೆಯನ್ನು ಒಂದೇ ತುಂಡಿನ ವಿಡಿಯೋ ಮಾಡಿ; ಉಪಕರಣದ ಸೀರಿಯಲ್ ನಂಬರ್ ಅದರಲ್ಲಿ ಕಾಣಲಿ. ಬದಲಿಸಿಕೊಡುವ ಗಡುವು ಮುಗಿಯುವ ಮುನ್ನ ಮಾರಿದವರಿಗೆ ಬಿಲ್ಲಿನ ಜತೆ ಕಳಿಸಿ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.