ಅಪ್ಪನಿಗೆ ಹೇಳಬೇಕಾ, ಬೇಡವಾ

ಅಪ್ಪನ ಕಾಯಿಲೆ ವಾಸಿಯಾಗುವಂಥದ್ದಲ್ಲ ಅಂತ ಡಾಕ್ಟರು ಮೊದಲು ಹೇಳಿದ್ದು ನನಗೂ ಅಕ್ಕನಿಗೂ. ಅಪ್ಪನಿಗೆ ಹೇಳಲೇಬೇಕು ಅಂದೆ ನಾನು. ಬೇಡ ಅಂದಳು ಅಕ್ಕ. ಹದಿನೈದು ದಿನ ಇದೇ ಜಗಳ.

ನಾನು ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಮಾಡುತ್ತೇನೆ. ನನಗೆ ಪ್ರಿಯವಾದದ್ದು ಸದ್ಗುಣ ನೀತಿ. ಒಳ್ಳೆಯ ಗುಣವಿರುವ ಮನುಷ್ಯ ಇಲ್ಲಿ ಏನು ಮಾಡುತ್ತಿದ್ದ ಅಂತ ಕೇಳುವ ದಾರಿ ಅದು. ಒಂದೊಂದು ಸದ್ಗುಣದಿಂದಲೂ ಒಂದೊಂದು ನಿಯಮ ಸಿಗುತ್ತದೆ ಅನ್ನುತ್ತಾರೆ ಈ ದಾರಿಯ ತತ್ತ್ವಚಿಂತಕಿ ರೊಸಾಲಿಂಡ್ ಹರ್ಸ್ಟ್‌ಹೌಸ್: ಪ್ರಾಮಾಣಿಕವಾಗಿರು, ಕರುಣೆಯಿಂದಿರು. ನಾನು ಮೊದಲನೆಯದನ್ನು ಹಿಡಿದು ಕೂತಿದ್ದೆ, ಅಕ್ಕ ಎರಡನೆಯದನ್ನು. ಇಬ್ಬರ ಕೈಯಲ್ಲೂ ಸದ್ಗುಣವೇ ಇತ್ತು. ಉತ್ತರ ಮಾತ್ರ ಇರಲಿಲ್ಲ.

ಲೆಕ್ಕದಲ್ಲಿ ಇಬ್ಬರಿಗೆ ಬೇರೆ ಬೇರೆ ಮೊತ್ತ ಬಂದರೆ ಇಬ್ಬರೂ ಮತ್ತೆ ಕೂಡಿ ನೋಡಬಹುದು. ಇಲ್ಲಿ ಹಾಗೆ ತಾಳೆ ನೋಡುವುದಕ್ಕೆ ಏನಿತ್ತು? ಅಕ್ಕ ನನಗಿಂತ ಕಡಿಮೆ ತಿಳಿದವಳಲ್ಲ, ಅಪ್ಪನ ಮೇಲಿನ ಪ್ರೀತಿಯೂ ಕಡಿಮೆಯಲ್ಲ. ಹಾಗಿದ್ದಮೇಲೆ ನನ್ನದೇ ಸರಿ ಅಂತ ನನಗೆ ಅಷ್ಟು ಖಾತ್ರಿ ಎಲ್ಲಿಂದ ಬಂತು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆಗ ನೆನಪಾದದ್ದು ಕಾದಂಬರಿಕಾರ್ತಿಯೂ ತತ್ತ್ವಚಿಂತಕಿಯೂ ಆಗಿದ್ದ ಐರಿಸ್ ಮರ್ಡಾಕ್ 1970ರ ಪುಸ್ತಕದಲ್ಲಿ ಕೊಟ್ಟ ಒಂದು ಉದಾಹರಣೆ. ಒಬ್ಬ ಅತ್ತೆಗೆ ಸೊಸೆ ಒರಟಿ, ಹುಡುಗಾಟದವಳು ಅನಿಸುತ್ತದೆ. ಆದರೂ ನಾನೇ ತಪ್ಪು ನೋಡುತ್ತಿರಬಹುದು ಅಂತ ಮತ್ತೆ ಮತ್ತೆ ಗಮನವಿಟ್ಟು ನೋಡುತ್ತಾಳೆ. ನಿಧಾನಕ್ಕೆ ಅದೇ ಸೊಸೆ ಸರಳ, ಲವಲವಿಕೆಯವಳು ಅಂತ ಕಾಣತೊಡಗುತ್ತಾಳೆ. ಸೊಸೆ ಬದಲಾಗಿಲ್ಲ. ಬದಲಾದದ್ದು ಅತ್ತೆಯ ನೋಟ.

ನಾನು ವಾದ ನಿಲ್ಲಿಸಿದೆ. 'ಅಕ್ಕಾ, ನಿನಗೆ ಅಪ್ಪನಲ್ಲಿ ಏನೇನು ಕಾಣುತ್ತಿದೆ, ಬರೆದುಕೊಡು. ನಾನೂ ಬರೀತೀನಿ' ಅಂದೆ. ಅಭಿಪ್ರಾಯ ಬೇಡ, ಕಂಡದ್ದಷ್ಟೇ.

ಅಕ್ಕನ ಹಾಳೆ ಓದಿ ಸುಮ್ಮನೆ ಕೂತುಬಿಟ್ಟೆ. ಅಪ್ಪ ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರಂತೆ. ರಿಪೋರ್ಟಿನ ಮಾತು ಬಂದರೆ ಗೋಡೆಯ ಕಡೆ ತಿರುಗುತ್ತಾರಂತೆ. ರಾತ್ರಿ ಜೊತೆಗಿರುತ್ತಿದ್ದವಳು ಅವಳು, ಹಾಗಾಗಿ ನನಗೆ ಇದೊಂದೂ ಗೊತ್ತಿರಲಿಲ್ಲ. ಎಳೆಯರು ರೇಖಾಗಣಿತದಲ್ಲಿ ಜಾಣರಾಗಬಹುದು, ಆದರೆ ವಿವೇಕ ಹಾಗೆ ಬರುವುದಿಲ್ಲ, ಅದಕ್ಕೆ ಬಿಡಿ ಬಿಡಿ ಸಂಗತಿಗಳ ಅನುಭವ ಬೇಕು ಅಂತ ಅರಿಸ್ಟಾಟಲ್ ಹೇಳಿದ್ದನ್ನು ಎಷ್ಟು ಸಲ ಪಾಠ ಮಾಡಿದ್ದೆ! ಆ ಸಂಗತಿಗಳೆಲ್ಲ ಇದ್ದದ್ದು ಅಕ್ಕನ ಹತ್ತಿರ. ಪ್ರಾಮಾಣಿಕತೆ ನನ್ನಲ್ಲಿತ್ತು ನಿಜ. ನಿಜವನ್ನು ಯಾವಾಗ, ಹೇಗೆ, ಎಷ್ಟು ಹೇಳಬೇಕು ಅನ್ನುವ ತಿಳಿವಳಿಕೆ ಇರಲಿಲ್ಲ. ಆ ತಿಳಿವಳಿಕೆಯಿಲ್ಲದ ಪ್ರಾಮಾಣಿಕತೆಯನ್ನು ಸದ್ಗುಣ ಅನ್ನುವುದಕ್ಕೆ ನನಗೀಗ ಮನಸ್ಸಾಗುವುದಿಲ್ಲ.

ನನ್ನ ಹಾಳೆಯಲ್ಲೂ ಅಕ್ಕನಿಗೆ ಗೊತ್ತಿಲ್ಲದ್ದೊಂದು ಇತ್ತು. ನಾನೊಬ್ಬನೇ ಇದ್ದಾಗ ಅಪ್ಪ ಎರಡು ಸಲ ಬ್ಯಾಂಕಿನ ಕಾಗದಗಳನ್ನು ಕೇಳಿದ್ದರು. ಅದನ್ನು ಓದಿ ಅಕ್ಕ ಅತ್ತಳು. 'ಅವರಿಗೆ ಗೊತ್ತಾಗಿದೆ ಅಲ್ವಾ' ಅಂದಳು.

ಮರುದಿನ ಇಬ್ಬರೂ ಅಪ್ಪನ ಪಕ್ಕ ಕೂತೆವು. ಕಾಯಿಲೆಯ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತದೆ ಅಂತ ಅವರನ್ನೇ ಕೇಳಿದೆವು. ತುಂಬ ಹೊತ್ತು ಸುಮ್ಮನಿದ್ದರು. 'ಎಷ್ಟು ದಿನ ಅಂತ ಬೇಡ, ಮಿಕ್ಕಿದ್ದು ಹೇಳಿ' ಅಂದರು.

ಹೇಳಿದೆವು. ಇನ್ನೊಂದು ವಾರ ತಡೆಯಬಹುದಿತ್ತು ಅಂತ ಅಕ್ಕ ಈಗಲೂ ಅನ್ನುತ್ತಾಳೆ. ನನಗೆ ಹಾಗನಿಸುವುದಿಲ್ಲ. ಆದರೆ ಅವಳು ಹೇಳುವಾಗ ಪೂರ್ತಿ ಕೇಳುತ್ತೇನೆ.