ಡ್ಯಾನಜಾಲ್ ಕೊಟ್ಟು ಕಾದು ನೋಡಿದ ತಿಂಗಳುಗಳು

ಹತ್ತು ದಿನದಲ್ಲಿ ಮೂರು ಸಲ ನನ್ನ ಒಬ್ಬ ಲೂಪಸ್ ರೋಗಿಯ ರಕ್ತ ತೆಗೆಸಿದೆ. ಪ್ಲೇಟ್‌ಲೆಟ್ 18 ಸಾವಿರ, 23 ಸಾವಿರ, ಆಮೇಲೆ 20 ಸಾವಿರ ಬಂತು. ರಕ್ತಸ್ರಾವ ನಿಲ್ಲಿಸುವ ಈ ಕಣಗಳ ಸಂಖ್ಯೆ ಆರೋಗ್ಯವಾಗಿರುವವರಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. "ಕಮ್ಮಿ ಇದೆ ಅಂತ ಒಂದೇ ಸಲಕ್ಕೆ ಗೊತ್ತಾಯ್ತಲ್ವಾ ಮೇಡಂ, ಮತ್ತೆ ಮತ್ತೆ ಯಾಕೆ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಕಲೇಶಪುರದ ಕಡೆಯ ತೋಟದಿಂದ ಎರಡು ಬಸ್ ಹಿಡಿದು ಬರುವವರು ಅವರು. ಆದರೆ ಔಷಧಿ ಏನೂ ಬದಲಾಯಿಸದೆ ಇದ್ದಾಗ ಈ ಕೌಂಟ್ ತನ್ನಷ್ಟಕ್ಕೆ ತಾನೇ ಎಷ್ಟು ಏರಿಳಿಯುತ್ತದೆ ಎಂದು ನನಗೆ ಮೊದಲು ಗೊತ್ತಾಗಬೇಕಿತ್ತು. ಅದು ಗೊತ್ತಿಲ್ಲದೆ ಡ್ಯಾನಜಾಲ್ ಎಂಬ ಹಾರ್ಮೋನಿನಂಥ ಔಷಧಿ ಶುರು ಮಾಡಿದರೆ ಮುಂದೆ ಬರುವ ಯಾವ ಸಂಖ್ಯೆಯನ್ನೂ ನಂಬುವ ಹಾಗಿರುವುದಿಲ್ಲ.

ನಾನು ಕೀಲುವಾತ, ಲೂಪಸ್‌ನಂಥ ಕಾಯಿಲೆಗಳನ್ನು ನೋಡುವ ವೈದ್ಯೆ. ಲೂಪಸ್‌ನಲ್ಲಿ ರೋಗದ ವಿರುದ್ಧ ಹೋರಾಡಬೇಕಾದ ಶಕ್ತಿ ನಮ್ಮ ಮೈಮೇಲೇ ತಿರುಗಿಬೀಳುತ್ತದೆ. ಕೆನ್ನೆಯ ಮೇಲಿನ ಕೆಂಪು ಎಲ್ಲರ ಕಣ್ಣಿಗೂ ಬೀಳುತ್ತದೆ. ರಕ್ತದಲ್ಲಿ ನಡೆಯುವುದು ಕಾಣುವುದಿಲ್ಲ. ಪ್ಲೇಟ್‌ಲೆಟ್‌ಗಳಿಗೆ ಪ್ರತಿಕಾಯಗಳು ಅಂಟಿಕೊಳ್ಳುತ್ತವೆ. ಹಾಗೆ ಗುರುತು ಬಿದ್ದ ಪ್ಲೇಟ್‌ಲೆಟ್‌ಗಳನ್ನು ಗುಲ್ಮದ (ಸ್ಪ್ಲೀನ್) ಒಳಗಿನ ಕಣಗಳು ಹಿಡಿದು ನುಂಗುತ್ತವೆ. ಕೆಲವರಲ್ಲಿ ಕೆಂಪು ರಕ್ತಕಣಗಳಿಗೂ ಇದೇ ಗತಿ. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಕಾಲಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ನಿಲ್ಲದ ಮುಟ್ಟು. ಇವರೂ ಹಾಗೆಯೇ ಬಂದಿದ್ದರು, 27ನೇ ವಯಸ್ಸಿನಲ್ಲಿ, 11 ಸಾವಿರ ಪ್ಲೇಟ್‌ಲೆಟ್ ಇಟ್ಟುಕೊಂಡು.

ಸ್ಟೀರಾಯ್ಡ್‌ಗೆ ಚೆನ್ನಾಗಿಯೇ ಸ್ಪಂದಿಸಿದರು. ಲಕ್ಷ ದಾಟಿತು. ಪ್ರೆಡ್ನಿಸೊಲೋನ್ ಎಂಬ ಆ ಸ್ಟೀರಾಯ್ಡನ್ನು 15 ಮಿಲಿಗ್ರಾಂಗಿಂತ ಕೆಳಗಿಳಿಸಿದ ಕೂಡಲೇ ಮತ್ತೆ ಕುಸಿಯಿತು. ದೇಹದ ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಕೊಟ್ಟೆವು, ಬಿಳಿ ರಕ್ತಕಣ ಇಳಿಯಿತು ಎಂದು ನಿಲ್ಲಿಸಿದೆವು. ರಿಟುಕ್ಸಿಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಮಾತು ಬಂದಾಗ ಅವರ ಯಜಮಾನರು ಖರ್ಚು ಕೇಳಿ ಸುಮ್ಮನೆ ಕೂತುಬಿಟ್ಟರು. ಅವರು ಬಾಡಿಗೆ ಪಿಕಪ್ ಓಡಿಸುತ್ತಾರೆ. ಗುಲ್ಮ ತೆಗೆಯುವ ಆಪರೇಷನ್‌ಗೆ ಇವರು ಒಪ್ಪಲಿಲ್ಲ. ಆಗ ಡ್ಯಾನಜಾಲ್ ಪ್ರಸ್ತಾಪ ಮಾಡಿದೆ.

ಹಾರ್ಮೋನ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು, ಅದರಲ್ಲೂ ಹೆರುವ ವಯಸ್ಸಿನವರೇ ಜಾಸ್ತಿ. 1970ರ ದಶಕದಲ್ಲೇ ಲೂಪಸ್‌ನಂಥ ಕಾಯಿಲೆ ಬರುವ ನ್ಯೂಜಿಲೆಂಡ್ ತಳಿಯ ಇಲಿಗಳಲ್ಲಿ ಗಂಡು ಹಾರ್ಮೋನ್ ಕಾಯಿಲೆಯನ್ನು ತಗ್ಗಿಸುತ್ತದೆ ಎಂದು ಕಂಡುಕೊಂಡಿದ್ದರು. ಡ್ಯಾನಜಾಲ್ ಗಂಡು ಹಾರ್ಮೋನಿನ ಗುಣ ಸ್ವಲ್ಪ ಇರುವ ಕೃತಕ ಔಷಧಿ. ಮೊದಲು ಅದು ಬಂದದ್ದು ಗರ್ಭಕೋಶದ ಒಳಪೊರೆ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಕಾಯಿಲೆಗೆ. 1983ರಲ್ಲಿ ಅಮೆರಿಕದ ಮಯಾಮಿಯಲ್ಲಿ ಡಾ. ಯಾನ್ ಆನ್ ಮತ್ತು ಜೊತೆಯವರು ಲೂಪಸ್ ಇಲ್ಲದೆ ಪ್ಲೇಟ್‌ಲೆಟ್ ಕಮ್ಮಿಯಾಗುವ ಐಟಿಪಿ ರೋಗಿಗಳಿಗೆ ಇದನ್ನು ಕೊಟ್ಟು ಫಲ ಕಂಡದ್ದನ್ನು ಪ್ರಕಟಿಸಿದರು. ಪ್ಲೇಟ್‌ಲೆಟ್ ನುಂಗುವ ಕಣಗಳ ಮೇಲೆ ಪ್ರತಿಕಾಯವನ್ನು ಹಿಡಿಯುವ ಕೊಂಡಿಗಳಿರುತ್ತವೆ, ಡ್ಯಾನಜಾಲ್ ಆ ಕೊಂಡಿಗಳ ಸಂಖ್ಯೆ ತಗ್ಗಿಸುತ್ತದೆ ಎಂದು 1987ರ ಹೊತ್ತಿಗೆ ಬೇರೆ ಸಂಶೋಧಕರು ತೋರಿಸಿದರು. ಪ್ರತಿಕಾಯ ಅಂಟಿದ್ದರೂ ನುಂಗುವ ಕೈ ಸಡಿಲವಾಗುತ್ತದೆ ಅನ್ನಬಹುದು. ಲೂಪಸ್‌ನಲ್ಲಿ ಇದರ ಬಗ್ಗೆ ನಾನು ಓದಿದ್ದೆಲ್ಲ ಹೆಚ್ಚಾಗಿ ಕೆಲವೇ ರೋಗಿಗಳ ವರದಿಗಳು. ಅದಕ್ಕೇ ನನ್ನ ಮಟ್ಟಿಗೆ ಪ್ರತಿ ರೋಗಿಯೂ ಒಂದು ಪರೀಕ್ಷೆ. ಪರೀಕ್ಷೆ ಎಂದ ಮೇಲೆ ಅದನ್ನು ಸರಿಯಾಗಿ ಮಾಡಬೇಕು.

ಸರಿಯಾಗಿ ಮಾಡದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತು. ವರ್ಷಗಳ ಹಿಂದೆ ಒಬ್ಬರಿಗೆ ಅವಸರದಲ್ಲಿ ಡ್ಯಾನಜಾಲ್ ಮತ್ತು ಅಜಾಥಯೋಪ್ರಿನ್ ಎರಡನ್ನೂ ಒಂದೇ ದಿನ ಶುರು ಮಾಡಿದ್ದೆ. ಪ್ಲೇಟ್‌ಲೆಟ್ ಏರಿತು. ಲಿವರ್ ಎನ್‌ಜೈಮ್‌ಗಳೂ ಏರಿದವು. ಎರಡೂ ಔಷಧಿಗಳು ಲಿವರ್‌ಗೆ ತೊಂದರೆ ಕೊಡಬಲ್ಲವು. ಯಾವುದು ಒಳ್ಳೆಯದು ಮಾಡಿತು, ಯಾವುದು ಕೆಟ್ಟದ್ದು ಮಾಡಿತು ಎಂದು ಹೇಳಲಾಗದೆ ಎರಡನ್ನೂ ನಿಲ್ಲಿಸಬೇಕಾಯಿತು. ಆ ಹೆಣ್ಣುಮಗಳ ಆರು ತಿಂಗಳು ದಂಡವಾಯಿತು. ಆ ನೋವು ನನಗೆ ಈಗಲೂ ಇದೆ.

ಆದ್ದರಿಂದ ಇವರಿಗೆ ಶುರು ಮಾಡುವ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊದಲ ಆರು ವಾರ ಸ್ಟೀರಾಯ್ಡ್ 15 ಮಿಲಿಗ್ರಾಂನಲ್ಲೇ ಇರುತ್ತದೆ, ಲೂಪಸ್ಸಿಗೆ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಇದ್ದಷ್ಟೇ ಇರುತ್ತದೆ, ಬದಲಾಗುವುದು ಡ್ಯಾನಜಾಲ್ ಮಾತ್ರ. ಕೌಂಟ್ ಕನಿಷ್ಠ 30 ಸಾವಿರ ದಾಟಿ, ಮೊದಲಿನದರ ಎರಡರಷ್ಟಾಗಿ, ಒಂದು ವಾರ ಬಿಟ್ಟು ನೋಡಿದರೂ ಹಾಗೇ ಇದ್ದರೆ ಮಾತ್ರ ಕೆಲಸ ಮಾಡಿತು ಎಂದು ಲೆಕ್ಕ. 10 ಸಾವಿರಕ್ಕಿಂತ ಕೆಳಗಿಳಿದರೆ ಅಥವಾ ಬಾಯಿ, ಮೂಗಿನಿಂದ ರಕ್ತ ಬಂದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಸ್ಟೀರಾಯ್ಡ್ ಏರಿಸಿ ಅಡ್ಮಿಟ್ ಮಾಡುವುದು. ಆರು ತಿಂಗಳಾದರೂ ಏನೂ ಆಗದಿದ್ದರೆ ನಿಲ್ಲಿಸುವುದು. ಇದನ್ನು ಮೊದಲೇ ಬರೆಯಬೇಕು. ಸಂಖ್ಯೆಗಳು ಬಂದ ಮೇಲೆ ಬರೆದರೆ ಮನಸ್ಸು ತನಗೆ ಬೇಕಾದ ಹಾಗೆ ಗೆರೆ ಎಳೆದುಕೊಳ್ಳುತ್ತದೆ.

ಇನ್ನೊಂದು ಕೆಲಸ ನಾನು ಬಿಡುವುದೇ ಇಲ್ಲ. ರಕ್ತದ ಹನಿಯನ್ನು ಗಾಜಿನ ಸ್ಲೈಡಿಗೆ ಸವರಿ ಮೈಕ್ರೊಸ್ಕೋಪಿನಲ್ಲಿ ನೋಡುವುದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ರಾಸಾಯನಿಕದಿಂದಾಗಿ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪಾಗಿ ಅಂಟಿಕೊಳ್ಳುತ್ತವೆ. ಮೆಷಿನ್‌ಗೆ ಆ ಗುಂಪು ಎಣಿಸಲು ಬರುವುದಿಲ್ಲ, ಕೌಂಟ್ ಸುಳ್ಳೇ ಕಮ್ಮಿ ಬರುತ್ತದೆ. ಒಂದು ಸಲ 38 ಸಾವಿರ ಎಂದು ವರದಿ ಹಿಡಿದುಕೊಂಡು ಗಾಬರಿಯಾಗಿ ಬಂದವರ ಸ್ಲೈಡ್ ನೋಡಿದರೆ ಅಂಚಿನಲ್ಲೆಲ್ಲ ಪ್ಲೇಟ್‌ಲೆಟ್ ರಾಶಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆಸಿದಾಗ ಕೌಂಟ್ ಸರಿಯಾಗಿತ್ತು. ಇವರದು ಹಾಗಿರಲಿಲ್ಲ. ಸ್ಲೈಡಿನಲ್ಲಿ ಹುಡುಕಿ ಹುಡುಕಿ ಒಂದೊಂದು ಕಾಣಬೇಕು, ಅಷ್ಟು ಖಾಲಿ.

ಔಷಧಿ ಕೊಡುವ ಮುಂಚೆ ಲಿವರ್, ಕೊಲೆಸ್ಟರಾಲ್, ಹೊಟ್ಟೆಯ ಸ್ಕ್ಯಾನ್, ಗರ್ಭದ ಪರೀಕ್ಷೆ ಎಲ್ಲ ಆಯಿತು. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯ ಲೂಪಸ್‌ನಲ್ಲಿ ಇರುವುದುಂಟು. ಡ್ಯಾನಜಾಲ್‌ನಿಂದಲೂ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಎರಡೂ ಸೇರಿದರೆ ಕಷ್ಟ. ಅದು ನೆಗೆಟಿವ್ ಬಂದ ಮೇಲೇ ಮುಂದುವರಿದೆ.

ಇದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮಾತುಕತೆ. ಯಜಮಾನರನ್ನು ಹೊರಗೆ ಕೂರಲು ಹೇಳಿ, ಬಾಗಿಲು ಹಾಕಿ ಮಾತಾಡಿದೆ. "ನೋಡಮ್ಮ, ಮುಟ್ಟು ನಿಲ್ಲಬಹುದು. ಮೊಡವೆ ಬರಬಹುದು, ತೂಕ ಜಾಸ್ತಿಯಾಗಬಹುದು. ಮುಖದ ಮೇಲೆ ಕೂದಲು ಬರಬಹುದು. ದನಿ ದಪ್ಪ ಆಗಬಹುದು. ಬೇರೆಯದೆಲ್ಲ ಸಾಮಾನ್ಯವಾಗಿ ಔಷಧಿ ಬಿಟ್ಟರೆ ಸರಿಹೋಗುತ್ತೆ. ದನಿ ಮಾತ್ರ ಕೆಲವರಿಗೆ ವಾಪಸ್ ಬರೋದಿಲ್ಲ."

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಾನು ಭಜನೆ ಮಂಡಳೀಲಿ ಹಾಡ್ತೀನಿ ಮೇಡಂ" ಎಂದರು. ಈ ವಿಷಯ ಅವರ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ನಾಲ್ಕು ವರ್ಷದಿಂದ ಅವರನ್ನು ನೋಡುತ್ತಿದ್ದೇನೆ, ಕೇಳಿಯೇ ಇರಲಿಲ್ಲ.

ಇಬ್ಬರೂ ಸೇರಿ ಒಂದು ದಾರಿ ಮಾಡಿಕೊಂಡೆವು. ಪ್ರತಿ ಭಾನುವಾರ ಬೆಳಗ್ಗೆ, ಕಾಫಿಗೆ ಮುಂಚೆ, ಒಂದರಿಂದ ಇಪ್ಪತ್ತರವರೆಗೆ ಜೋರಾಗಿ ಎಣಿಸಿ ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಆಮೇಲೆ ಅವರಿಗೆ ಗೊತ್ತಿರುವ ಒಂದೇ ಹಾಡಿನ ಮೇಲಿನ ಸಾಲು. ದನಿ ಒಂದೇ ದಿನ ಬದಲಾಗುವುದಿಲ್ಲ, ದಿನಾ ಕೇಳುವ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹಳೆಯದರ ಪಕ್ಕ ಹೊಸದನ್ನು ಇಟ್ಟು ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತೂ ಇತ್ತು. ಅವರಿಗೆ ಒಬ್ಬಳು ಮಗಳು, ಇನ್ನೊಂದು ಮಗು ಬೇಕೆಂಬ ಆಸೆ. ಡ್ಯಾನಜಾಲ್ ತೆಗೆದುಕೊಳ್ಳುವಾಗ ಗರ್ಭ ನಿಲ್ಲಲೇಬಾರದು. ಹೊಟ್ಟೆಯಲ್ಲಿ ಹೆಣ್ಣುಮಗು ಇದ್ದರೆ ಅದರ ಜನನಾಂಗ ಗಂಡಿನ ಹಾಗೆ ಬೆಳೆಯುವ ಅಪಾಯ ಇದೆ. ಗರ್ಭನಿರೋಧಕ ಮಾತ್ರೆ ಇಲ್ಲಿ ಸಲ್ಲದು, ಹಾರ್ಮೋನ್ ಇಲ್ಲದ ದಾರಿಯೇ ಬೇಕು. ಕಾಪರ್-ಟಿಯಿಂದ ಮುಟ್ಟಿನ ರಕ್ತಸ್ರಾವ ಹೆಚ್ಚುವುದುಂಟು, ಇಷ್ಟು ಕಮ್ಮಿ ಪ್ಲೇಟ್‌ಲೆಟ್ ಇರುವಾಗ ಅದು ಬೇಡ ಅನ್ನಿಸಿತು. ಕಾಂಡೋಮ್ ಎಂದು ತೀರ್ಮಾನವಾಯಿತು. ಆ ಭಾಗಕ್ಕೆ ಯಜಮಾನರನ್ನು ಒಳಗೆ ಕರೆದೆ. ಯೋಚನೆಗೆ ಒಂದು ವಾರ ಕೊಟ್ಟೆ. ಮುಂದಿನ ವಾರ ಬಂದು, ಶುರು ಮಾಡೋಣ ಎಂದರು.

ಮುಟ್ಟಿನ ಮೂರನೇ ದಿನ ಮೊದಲ ಕ್ಯಾಪ್ಸೂಲ್. 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಎರಡು ವಾರದ ಮೇಲೆ 200, ದಿನಕ್ಕೆ ಎರಡು ಸಲ. ಕೌಂಟ್ ಅವರೂರಿನ ಹತ್ತಿರದ ಲ್ಯಾಬಿನಲ್ಲೇ, ಯಾವಾಗಲೂ ಅದೇ ಲ್ಯಾಬಿನಲ್ಲಿ. ವರದಿಯ ಫೋಟೊ ವಾಟ್ಸಾಪ್‌ಗೆ ಬರುತ್ತಿತ್ತು.

ಎರಡನೇ ವಾರ 19 ಸಾವಿರ. ನಾಲ್ಕನೇ ವಾರ 26. ಆರನೇ ವಾರ 24. ಈ ಹಂತವೇ ಕಷ್ಟ. ಅತ್ತೆ ಪಪ್ಪಾಯಿ ಎಲೆ ರಸ ಕೊಡಲು ಶುರು ಮಾಡಿದ್ದರು, ಡೆಂಗಿ ಬಂದಾಗ ಪಕ್ಕದ ಮನೆಯವರಿಗೆ ಕೊಟ್ಟಿದ್ದರಂತೆ. ಬಯ್ಯಲಿಲ್ಲ. "ಇದನ್ನೂ ಕುಡಿದರೆ ಯಾವುದರಿಂದ ಏರಿತು ಅಂತ ನಮಗೆ ಗೊತ್ತಾಗೋದಿಲ್ಲ, ಸ್ವಲ್ಪ ದಿನ ತಡೀರಿ ಅಮ್ಮ" ಎಂದು ಫೋನಿನಲ್ಲಿ ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ನನಗೂ ಸ್ಟೀರಾಯ್ಡ್ ಸ್ವಲ್ಪ ಏರಿಸಿಬಿಡೋಣ ಅನ್ನಿಸಿದ್ದು ನಿಜ. ರಕ್ತಸ್ರಾವ ಇರಲಿಲ್ಲ, ನೋಟ್‌ಬುಕ್ ತೆರೆದು ನೋಡಿದೆ, ತಡೆದೆ. ಡ್ಯಾನಜಾಲ್ ನಿಧಾನದ ಔಷಧಿ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಎಷ್ಟೋ ಸಲ ಕೆಲಸ ಶುರು ಮಾಡುವ ಮೊದಲೇ ಜನ ನಿಲ್ಲಿಸಿಬಿಡುತ್ತಾರೆ.

ಎಂಟನೇ ವಾರ 41 ಸಾವಿರ. ಒಂಬತ್ತನೇ ವಾರ 46. ಹನ್ನೆರಡನೇ ವಾರ 78. ಆಮೇಲೆ ಸ್ಟೀರಾಯ್ಡನ್ನು ಎರಡೂವರೆ ಮಿಲಿಗ್ರಾಂನಷ್ಟೇ ಮೆಲ್ಲಗೆ ಇಳಿಸುತ್ತ ಹೋದೆ. ಐದನೇ ತಿಂಗಳಿಗೆ ಕೌಂಟ್ ಲಕ್ಷ ದಾಟಿತು, ಸ್ಟೀರಾಯ್ಡ್ 5ಕ್ಕೆ ಬಂದಿತ್ತು.

ಅದಕ್ಕೆ ಬೆಲೆಯನ್ನೂ ತೆತ್ತರು. ಮುಟ್ಟು ಎರಡನೇ ತಿಂಗಳಿಗೇ ನಿಂತಿತು. ಅದು ಔಷಧಿಯಿಂದಲೇ ಇರಬಹುದು ಎಂದು ಸುಮ್ನೆ ಬಿಡುವ ಹಾಗಿಲ್ಲ, ಪ್ರತಿ ಸಲ ಗರ್ಭದ ಪರೀಕ್ಷೆ ಮಾಡಿಸಿದೆ. ಒಳ್ಳೆಯ ಕೊಲೆಸ್ಟರಾಲ್ 48 ಇದ್ದದ್ದು 29ಕ್ಕೆ ಇಳಿಯಿತು. ಲಿವರ್ ಎನ್‌ಜೈಮ್ 24 ಇದ್ದದ್ದು 70 ಆಯಿತು. ಹದಿನಾಲ್ಕನೇ ವಾರ ಅವರು ಎರಡು ರೆಕಾರ್ಡಿಂಗ್ ಕಳಿಸಿದರು, ಮೊದಲ ಭಾನುವಾರದ್ದು ಮತ್ತು ಆ ಭಾನುವಾರದ್ದು. ಎಣಿಕೆಯಲ್ಲಿ ವ್ಯತ್ಯಾಸವೇ ಇಲ್ಲ. ಹಾಡಿನ ಸಾಲಿನಲ್ಲಿ, ಮೇಲಕ್ಕೆ ಹೋಗುವ ಕಡೆ, ದನಿ ಒಡೆದು ಗಾಳಿ ಬಂದ ಹಾಗಿತ್ತು. ಮೂರು ಸಲ ಕೇಳಿದೆ. ಅಂದೇ ಡೋಸ್ ಅರ್ಧಕ್ಕೆ ಇಳಿಸಿದೆ, ದಿನಕ್ಕೆ 200. ಲಿವರ್ ಎನ್‌ಜೈಮ್ ಕೆಲವೇ ವಾರಗಳಲ್ಲಿ ಇಳಿಯಿತು. ದನಿ ಮೂರು ತಿಂಗಳು ತೆಗೆದುಕೊಂಡಿತು. ಪೂರ್ತಿ ಮೊದಲಿನಂತಾಗಿದೆ ಎಂದು ಅವರು ಹೇಳುತ್ತಾರೆ. ನನ್ನ ಕಿವಿಗೆ ಇನ್ನೂ ಒಂದು ಎಳೆ ದಪ್ಪ ಇದೆ ಅನ್ನಿಸುತ್ತದೆ.

ಪ್ಲೇಟ್‌ಲೆಟ್ ಏರಿದ್ದು ಡ್ಯಾನಜಾಲ್‌ನಿಂದಲೇನಾ? ಲೂಪಸ್ ತಾನಾಗಿಯೇ ಏರಿಳಿಯುವ ಕಾಯಿಲೆ. ತೀರಾ ಕಮ್ಮಿ ಇದ್ದಾಗಲೇ ನಾವು ಔಷಧಿ ಶುರು ಮಾಡುವುದರಿಂದ, ಏನೂ ಮಾಡದಿದ್ದರೂ ಸ್ವಲ್ಪ ಏರಬಹುದಿತ್ತು. ಉತ್ತರ ಸಿಕ್ಕಿದ್ದು ನಾನು ಬಯಸದ ರೀತಿಯಲ್ಲಿ. ಒಂಬತ್ತನೇ ತಿಂಗಳು ಅವರ ಊರಿನ ಕಡೆ ಕ್ಯಾಪ್ಸೂಲ್ ಸಿಗಲಿಲ್ಲ. ಹೇಳಲು ಸಂಕೋಚಪಟ್ಟು ಮೂರು ವಾರ ಹಾಗೇ ಇದ್ದರು. ಕೌಂಟ್ 1 ಲಕ್ಷ 5 ಸಾವಿರದಿಂದ 47 ಸಾವಿರಕ್ಕೆ ಬಂತು. ಮಳೆಗಾಲ, ಡೆಂಗಿ ಇರಬಹುದು ಎಂದು ಎನ್‌ಎಸ್1 ಪರೀಕ್ಷೆ ಮಾಡಿಸಿದೆ, ನೆಗೆಟಿವ್. ಜ್ವರವೂ ಇಲ್ಲ. ಬೇರೇನೂ ಬದಲಾಯಿಸದೆ ಡ್ಯಾನಜಾಲ್ ಮಾತ್ರ ಮತ್ತೆ ಶುರು ಮಾಡಿದೆವು. ಏಳು ವಾರಕ್ಕೆ 96 ಸಾವಿರ. ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಅವರ ಫೈಲಿನಲ್ಲಿ ಇನ್ನೊಂದಿಲ್ಲ.

ಎಲ್ಲರಿಗೂ ಹೀಗಾಗುವುದಿಲ್ಲ. ಕೆಂಪು ರಕ್ತಕಣ ಒಡೆಯುವ ರಕ್ತಹೀನತೆ ಇದ್ದ ಇನ್ನೊಬ್ಬರಿಗೆ ನಾಲ್ಕು ತಿಂಗಳು ಕೊಟ್ಟೆ. ಹಿಮೊಗ್ಲೋಬಿನ್ ಅಲ್ಲಾಡಲಿಲ್ಲ, ಲಿವರ್ ಎನ್‌ಜೈಮ್ ಮಾತ್ರ ಏರುತ್ತ ಹೋಯಿತು. ನಿಲ್ಲಿಸಿದೆ.

ನನ್ನ ಆಸೆ ಏನೆಂದರೆ, ಲೂಪಸ್ ರೋಗಿಗಳಲ್ಲೇ ಇದರ ದೊಡ್ಡ ಪರೀಕ್ಷೆ ಆಗಬೇಕು. ಐಟಿಪಿಯಲ್ಲಿ ಅಂಥದ್ದು ಆಗಿದೆ. 2017ರಲ್ಲಿ ಚೀನಾದ ವೈದ್ಯರು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಡ್ಯಾನಜಾಲ್ ಮಾತ್ರ, ಇನ್ನೊಂದಕ್ಕೆ ಡ್ಯಾನಜಾಲ್ ಜೊತೆ ವಿಟಮಿನ್ ಎ ಗುಂಪಿನ ಟ್ರೆಟಿನಾಯಿನ್ ಕೊಟ್ಟು ಪ್ರಕಟಿಸಿದರು. ಜೋಡಿ ಔಷಧಿಯ ಗುಂಪಿನಲ್ಲಿ ಫಲ ಉಳಿದವರು ಹೆಚ್ಚು. ಡ್ಯಾನಜಾಲನ್ನು ಬರೀ ಸಕ್ಕರೆ ಗುಳಿಗೆಯ ಜೊತೆ ಹೋಲಿಸಲು ಹೊರಟರೆ ಒಂದು ತೊಡಕಿದೆ. ಮುಟ್ಟು ನಿಂತ, ಮೊಡವೆ ಬಂದ ಹೆಂಗಸಿಗೆ ತನಗೆ ಯಾವುದು ಸಿಕ್ಕಿದೆ ಎಂದು ಎರಡೇ ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ. ಸುಸ್ತು, ನೋವು ಹೇಗಿದೆ ಎಂದು ಕೇಳಿದರೆ ಉತ್ತರದಲ್ಲಿ ಆ ಊಹೆ ಸೇರಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಎಣಿಸುವ ಮೆಷಿನ್‌ಗೆ ಆ ಊಹೆ ಇಲ್ಲ. ಅದಕ್ಕೇ ಈ ಔಷಧಿಯನ್ನು ರಕ್ತದ ತೊಂದರೆಯಲ್ಲೇ ಪರೀಕ್ಷಿಸುವುದು ಸುಲಭ ಎಂದು ನನ್ನ ನಂಬಿಕೆ.

ಈಗ ಅವರು ದಿನಕ್ಕೆ 100 ಮಿಲಿಗ್ರಾಂನಲ್ಲಿದ್ದಾರೆ. ಹೋದ ತಿಂಗಳು ಬಂದು, ಮಗಳಿಗೆ ಏಳು ವರ್ಷ ತುಂಬಿತು ಮೇಡಂ, ಎಂದರು. ಅದರ ಅರ್ಥ ನನಗೆ ಗೊತ್ತಾಯಿತು. ಹೊಸ ಪುಟ ತೆರೆದು ಬರೆದೆವು. ಡ್ಯಾನಜಾಲ್ ಪೂರ್ತಿ ನಿಲ್ಲಿಸುವುದು, ಸ್ಟೀರಾಯ್ಡ್ 5ರಲ್ಲೇ ಇಡುವುದು, ಕೌಂಟ್ ಆರು ತಿಂಗಳು 50 ಸಾವಿರದ ಮೇಲೆ ನಿಂತರೆ ಮಾತ್ರ ಮಗುವಿನ ಮಾತು, ಅಲ್ಲಿಯವರೆಗೆ ಕಾಂಡೋಮ್ ಬಿಡುವಂತಿಲ್ಲ. ಕೊನೆಯ ಕ್ಯಾಪ್ಸೂಲ್ ಕಳೆದ ಸೋಮವಾರ ತೆಗೆದುಕೊಂಡಿದ್ದಾರೆ. ನಾಳೆ ಮೊದಲ ಕೌಂಟ್.